ಚಪ್ಪಾಳೆಯ ಬೆಲೆ ತೆರುವವರು ಯಾರು?

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದಿನ ನಮ್ಮ ವಿಷಯವು ಯುದ್ಧಕ್ಕೆ ಸಂಬಂಧಿಸಿದ್ದು. ಆದರೆ ನಾವು ಮಾತಾಡಲಿರುವುದು ಬಾಂಬು, ಕ್ಷಿಪಣಿಗಳ ಬಗ್ಗೆಯಲ್ಲ. ಯುದ್ಧ ಆರಂಭವಾದ ದಿನ ಬೀದಿಗಳಲ್ಲಿ ಮೊಳಗುವ ಚಪ್ಪಾಳೆಯ ಬಗ್ಗೆ. ಆ ಚಪ್ಪಾಳೆಯ ಲಾಭ ಯಾರಿಗೆ ಸಲ್ಲುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಇತ್ತೀಚಿನ ಇತಿಹಾಸದ ಕೆಲವು ಪುಟಗಳಿಂದ ತಿಳಿದುಕೊಳ್ಳಲು ಪ್ರಯತ್ನಿಸೋಣ.

ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ರಾಜಧಾನಿ ಬ್ಯೂನಸ್ ಐರಿಸ್. ಆ ನಗರದಲ್ಲಿ ಪ್ಲಾಜಾ ಡಿ ಮಾಯೋ ಎಂಬ ಚೌಕವಿದೆ. ಅಧ್ಯಕ್ಷರ ಭವನವು ಆ ಚೌಕಕ್ಕೆ ಮುಖ ಮಾಡಿ ನಿಂತಿದೆ. 1982ರ ಮಾರ್ಚ್ 30ರಂದು ಸಾವಿರಾರು ಕಾರ್ಮಿಕರು ಆ ಚೌಕದತ್ತ ಮೆರವಣಿಗೆ ಹೊರಟರು. ಅವರು ಕೇಳಿದ್ದು ಅನ್ನವನ್ನು, ಕೆಲಸವನ್ನು, ಶಾಂತಿಯನ್ನು. ಅವರಿಗೆ ಸಿಕ್ಕಿದ್ದು ಲಾಠಿ, ಅಶ್ರುವಾಯು ಮತ್ತು ಜೈಲು. ಇದಾಗಿ ಮೂರೇ ದಿನಗಳಲ್ಲಿ, ಏಪ್ರಿಲ್ 2ರಂದು, ಅದೇ ಚೌಕವು ಮತ್ತೆ ಜನರಿಂದ ತುಂಬಿ ತುಳುಕಿತು. ಈ ಬಾರಿ ಯಾರೂ ಲಾಠಿ ಬೀಸಲಿಲ್ಲ. ಜನರ ಕೈಯಲ್ಲಿ ರಾಷ್ಟ್ರಧ್ವಜಗಳಿದ್ದವು, ಬಾಯಲ್ಲಿ ಜಯಘೋಷವಿತ್ತು. ಮೊನ್ನೆಯಷ್ಟೇ ಜನರ ಆಕ್ರೋಶಕ್ಕೆ ಗುರಿಯಾಗಿದ್ದ ಸೇನಾಡಳಿತ ಇಂದು ಅವರ ಕಣ್ಣಿಗೆ ವೀರರ ಆಡಳಿತವಾಗಿ ಕಂಡಿತು.

ಈ ಮೂರು ದಿನಗಳಲ್ಲಿ ನಡೆದದ್ದಾದರೂ ಏನು? ಅಕ್ಕಿ ಬೇಳೆಯ ಬೆಲೆ ಇಳಿಯಿತೇ? ಮುಚ್ಚಿದ್ದ ಕಾರ್ಖಾನೆಗಳು ತೆರೆದವೇ? ಇಲ್ಲ. ಅರ್ಜೆಂಟೀನಾದ ಸೇನೆಯು ಬ್ರಿಟನ್ನಿನ ಅಧೀನದಲ್ಲಿದ್ದ ಫಾಕ್‌ಲ್ಯಾಂಡ್ ದ್ವೀಪಗಳನ್ನು ವಶಪಡಿಸಿಕೊಂಡಿತ್ತು. ಅಷ್ಟೇ.

ಇಲ್ಲಿ ಸ್ವಲ್ಪ ಹಿನ್ನೆಲೆಯನ್ನು ತಿಳಿಯುವುದು ಅಗತ್ಯ. 1976ರ ಮಾರ್ಚ್‌ನಲ್ಲಿ ಸೈನ್ಯವು ಅರ್ಜೆಂಟೀನಾದ ಅಧಿಕಾರವನ್ನು ಕಸಿದುಕೊಂಡಿತು. ಸರಕಾರವನ್ನು ಪ್ರಶ್ನಿಸಿದ ವಿದ್ಯಾರ್ಥಿಗಳು, ಕಾರ್ಮಿಕ ನಾಯಕರು, ಪತ್ರಕರ್ತರು ರಾತೋರಾತ್ರಿ ಮನೆಗಳಿಂದ ಕಣ್ಮರೆಯಾದರು. ಮಾನವ ಹಕ್ಕು ಸಂಘಟನೆಗಳು ಈ ಸಂಖ್ಯೆಯನ್ನು 30 ಸಾವಿರ ಎನ್ನುತ್ತವೆ. ಪ್ರಜಾಪ್ರಭುತ್ವ ಮರಳಿದ ನಂತರ ನೇಮಕವಾದ ಸರಕಾರಿ ಆಯೋಗವೇ ಸುಮಾರು 9 ಸಾವಿರ ಪ್ರಕರಣಗಳನ್ನು ದಾಖಲಿಸಿತು. 1981ರಲ್ಲಿ ಹಣದುಬ್ಬರವು ಶೇಕಡಾ 100ನ್ನು ದಾಟಿತು. ಆ ವರ್ಷದ ಡಿಸೆಂಬರ್‌ನಲ್ಲಿ ಅಧ್ಯಕ್ಷ ಪದವಿಗೇರಿದ ಜನರಲ್ ಲಿಯೋಪೋಲ್ಡೋ ಗಾಲ್ತಿಯೇರಿಯವರ ಮುಂದೆ ಖಾಲಿ ಖಜಾನೆ ಮತ್ತು ಕೋಪಗೊಂಡ ಜನತೆ ಇದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆ ನಮ್ಮಲ್ಲಿದೆ. ಜ್ವರ ಇದ್ದದ್ದು ಬ್ಯೂನಸ್ ಐರಿಸ್‌ನ ಬೀದಿಗಳಲ್ಲಿ. ಬರೆ ಎಳೆದದ್ದು ನೂರಾರು ಮೈಲು ದೂರದ, ಸುಮಾರು 1800 ಮಂದಿ ವಾಸವಿದ್ದ ದ್ವೀಪಗಳಿಗೆ.

ಇಲ್ಲಿ ನಾವು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ದ್ವೀಪಗಳ ಬಗ್ಗೆ ಅರ್ಜೆಂಟೀನಾದ ಜನರಿಗಿದ್ದ ಭಾವನೆ ಕೃತಕವಾದುದಲ್ಲ. 1833ರಲ್ಲಿ ಬ್ರಿಟನ್ ಅವನ್ನು ತಮ್ಮಿಂದ ಕಸಿದುಕೊಂಡಿತೆಂದು ಅವರು ತಲೆಮಾರುಗಳಿಂದ ನಂಬಿದ್ದರು. ಮಾಲ್ವಿನಾಸ್ ಎಂಬ ತಮ್ಮದೇ ಹೆಸರಿನಿಂದ ಅವನ್ನು ಕರೆಯುತ್ತಿದ್ದರು. ಜನಪ್ರಿಯತೆಗಾಗಿ ಯುದ್ಧ ಹೂಡುವ ನಾಯಕನು ಸಾಮಾನ್ಯವಾಗಿ ಸುಳ್ಳು ಭಾವನೆಯನ್ನು ಸೃಷ್ಟಿಸುವುದಿಲ್ಲ. ಜನರ ಎದೆಯಲ್ಲಿ ಮೊದಲೇ ಇರುವ ನಿಜವಾದ ನೋವನ್ನು ಎತ್ತಿಕೊಂಡು ತನ್ನ ಕುರ್ಚಿಗೆ ಆಸರೆ ಮಾಡಿಕೊಳ್ಳುತ್ತಾನೆ. ಆದುದರಿಂದಲೇ ಅವನನ್ನು ಗುರುತಿಸುವುದು ಕಷ್ಟ.

ಮುಂದಿನದ್ದು ಕರುಣಾಜನಕ ಕಥೆ. ಅರ್ಜೆಂಟೀನಾವು ಆ ದ್ವೀಪಗಳಿಗೆ ಕಳುಹಿಸಿದ ಸೈನಿಕರಲ್ಲಿ ಬಹಳಷ್ಟು ಮಂದಿ ಕಡ್ಡಾಯ ಸೇನಾ ಸೇವೆಗೆ ಕರೆಸಲ್ಪಟ್ಟಿದ್ದ 18, 19 ವರ್ಷದ ಹುಡುಗರು. ಅವರಲ್ಲಿ ಅನೇಕರು ಕೊರಿಯೆಂಟೆಸ್, ಚಾಕೋದಂತಹ ಬಿಸಿಲು ಪ್ರಾಂತ್ಯಗಳ ಬಡ ಮನೆಗಳಿಂದ ಬಂದವರು. ಕೊರೆಯುವ ಚಳಿಯಲ್ಲಿ, ನೀರು ತುಂಬಿದ ಕಂದಕಗಳಲ್ಲಿ ಹಸಿವಿನಿಂದ ಅವರು ದಿನ ಕಳೆದರು. ಮೇ 2ರಂದು ಬ್ರಿಟಿಷ್ ಜಲಾಂತರ್ಗಾಮಿಯು ಜನರಲ್ ಬೆಲ್‌ಗ್ರಾನೋ ಎಂಬ ಯುದ್ಧನೌಕೆಯನ್ನು ಮುಳುಗಿಸಿದಾಗ 323 ಮಂದಿ ಸತ್ತರು. ಬ್ರಿಟನ್ ತಾನೇ ಘೋಷಿಸಿದ್ದ ನಿರ್ಬಂಧಿತ ವಲಯದ ಹೊರಗೆ ಆ ನೌಕೆ ಇತ್ತು. ಜೂನ್ 14ರಂದು ಅರ್ಜೆಂಟೀನಾದ ಪಡೆ ಶರಣಾಯಿತು. ಅಷ್ಟರಲ್ಲಿ ಅರ್ಜೆಂಟೀನಾದ 649 ಮಂದಿ, ಬ್ರಿಟನ್ನಿನ 255 ಮಂದಿ ಮತ್ತು ದ್ವೀಪದ ಮೂವರು ನಿವಾಸಿಗಳು ಪ್ರಾಣ ಕಳೆದುಕೊಂಡಿದ್ದರು. ಏಪ್ರಿಲ್‌ನಲ್ಲಿ ಜಯಕಾರ ಮಾಡಿದ್ದ ಜನರೇ ಜೂನ್‌ನಲ್ಲಿ ಅದೇ ಚೌಕಕ್ಕೆ ಬಂದು ಧಿಕ್ಕಾರ ಕೂಗಿದರು. ಗಾಲ್ತಿಯೇರಿ ಅದೇ ವಾರ ಪದಚ್ಯುತರಾದರು.

ಹಾಗಾದರೆ ಯುದ್ಧದಿಂದ ಯಾರಿಗೂ ಲಾಭವಾಗಲಿಲ್ಲವೇ? ಆಯಿತು. ಈಗ ಬ್ರಿಟನ್ನಿನ ಕಡೆಗೆ ನೋಡೋಣ. 1982ರ ಜನವರಿಯಲ್ಲಿ ಅಲ್ಲಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷವನ್ನು ದಾಟಿತ್ತು. ಅದಕ್ಕೆ ತುಸು ಮೊದಲು, 1981ರ ಕೊನೆಯಲ್ಲಿ, ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರನ್ನು ಮೆಚ್ಚುವವರು ಸಮೀಕ್ಷೆಗಳಲ್ಲಿ ಸುಮಾರು ಶೇಕಡಾ 25ಕ್ಕೆ ಕುಸಿದಿದ್ದರು. ದ್ವೀಪಗಳ ಮೇಲೆ ದಾಳಿ ಮಾಡಿದ್ದು ಅವರಲ್ಲ. ಇದನ್ನು ನಾವು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಆದರೆ ಖರ್ಚು ಉಳಿಸುವ ಸಲುವಾಗಿ ಆ ಸಮುದ್ರದಲ್ಲಿದ್ದ ಗಸ್ತು ನೌಕೆಯನ್ನು ಹಿಂದಕ್ಕೆ ಕರೆಸಿಕೊಳ್ಳಲು 1981ರಲ್ಲಿ ತೀರ್ಮಾನಿಸಿದ್ದು ಅವರದೇ ಸರಕಾರ. ಗೆಲುವಿನ ಸಂಭ್ರಮದಲ್ಲಿ ಆ ಪ್ರಶ್ನೆ ಹಿಂದೆ ಸರಿಯಿತು. 1983ರ ಜೂನ್ ಚುನಾವಣೆಯಲ್ಲಿ ಅವರ ಪಕ್ಷವು 397 ಸ್ಥಾನಗಳನ್ನು ಗೆದ್ದಿತು. ವಿಪಕ್ಷಗಳ ಮತಗಳು ಹರಿದು ಹಂಚಿ ಹೋದದ್ದು ಮತ್ತು ಆರ್ಥಿಕತೆ ಚೇತರಿಸತೊಡಗಿದ್ದು ಕೂಡಾ ಈ ಗೆಲುವಿಗೆ ಕಾರಣವೆಂದು ವಿದ್ವಾಂಸರು ಹೇಳುತ್ತಾರೆ. ಅವರ ಪಕ್ಷದ ಮತಪ್ರಮಾಣವು 1979ಕ್ಕಿಂತ ಸ್ವಲ್ಪ ಕಡಿಮೆಯೇ ಆಗಿತ್ತು ಎಂಬುದೂ ನಿಜ. ಆದರೆ ಯುದ್ಧದ ನಂತರ ನಾಯಕಿಯ ವರ್ಚಸ್ಸು ಬದಲಾಯಿತು ಎಂಬುದರಲ್ಲಿ ಸಂದೇಹವಿಲ್ಲ.

ಮಾನ್ಯರೇ, ಇದು ಒಂದು ದೇಶದ ಅಥವಾ ಒಂದು ಕಾಲದ ಕಥೆಯಲ್ಲ. ಬಿಕ್ಕಟ್ಟಿನ ಹೊತ್ತಿನಲ್ಲಿ ಜನರು ಧ್ವಜದ ಸುತ್ತ ಗುಂಪುಗೂಡುವ ಈ ಸ್ವಭಾವವನ್ನು ಅಮೆರಿಕದ ರಾಜಕೀಯ ವಿಜ್ಞಾನಿ ಜಾನ್ ಮುಲ್ಲರ್ 1970ರಲ್ಲಿಯೇ ಅಧ್ಯಯನ ಮಾಡಿ ತೋರಿಸಿದರು. ಅದು ನಡೆಯುವ ಬಗೆ ಸರಳವಾಗಿದೆ. ಬಿಕ್ಕಟ್ಟು ಉಂಟಾದಾಗ ಜನರಿಗೆ ಭಯವಾಗುತ್ತದೆ. ಭಯಗೊಂಡವರು ನಾಯಕನ ಕಡೆಗೆ ನೋಡುತ್ತಾರೆ. ದೇಶದ್ರೋಹಿ ಎನಿಸಿಕೊಳ್ಳುವ ಅಂಜಿಕೆಯಿಂದ ವಿಪಕ್ಷವು ಬಾಯಿ ಮುಚ್ಚುತ್ತದೆ. ಪತ್ರಿಕೆ, ಟಿ.ವಿ.ಗಳಿಗೆ ಸುದ್ದಿ ಬರುವುದು ಸರಕಾರದ ಬಾಯಿಂದಲೇ. ಒಂದೇ ಮಾತನ್ನು ನೂರು ಬಾಯಿಗಳು ಹೇಳತೊಡಗಿದಾಗ ಅದು ಸತ್ಯದಂತೆ ಕೇಳಿಸುತ್ತದೆ.

ಗ್ಯಾಲಪ್ ಸಂಸ್ಥೆಯ ಅಂಕಿಅಂಶಗಳನ್ನು ನೋಡಿರಿ. 1991ರ ಕೊಲ್ಲಿ ಯುದ್ಧ ಮುಗಿದಾಗ ಅಮೆರಿಕದ ಅಧ್ಯಕ್ಷ ಹಿರಿಯ ಬುಶ್ ಅವರನ್ನು ಶೇಕಡಾ 89 ಮಂದಿ ಮೆಚ್ಚಿದ್ದರು. ಆದರೆ ನಿರುದ್ಯೋಗ ಮತ್ತು ಆರ್ಥಿಕ ಹಿನ್ನಡೆ ಮತ್ತೆ ಜನರ ಗಮನಕ್ಕೆ ಬಂದಾಗ 1992ರ ಚುನಾವಣೆಯಲ್ಲಿ ಅದೇ ಜನರು ಅವರನ್ನು ಮನೆಗೆ ಕಳುಹಿಸಿದರು. ಅವರ ಮಗ ಜಾರ್ಜ್ ಡಬ್ಲ್ಯು. ಬುಶ್ ಅವರ ಜನಪ್ರಿಯತೆಯು 2001ರ ಸೆಪ್ಟೆಂಬರ್ ಆರಂಭದಲ್ಲಿ ಶೇಕಡಾ 51ರಷ್ಟಿತ್ತು. ಆ ತಿಂಗಳ 11ರ ಭಯೋತ್ಪಾದಕ ದಾಳಿಯ ನಂತರ ಅದು ಶೇಕಡಾ 90ಕ್ಕೆ ಏರಿತು. ಆಕ್ರಮಣಕ್ಕೆ ಒಳಗಾದ ಜನತೆಯು ತಮ್ಮ ನಾಯಕನ ಜೊತೆ ನಿಲ್ಲುವುದು ಸಹಜ. ಆದರೆ ಆ ವಿಶ್ವಾಸದ ಬಂಡವಾಳವನ್ನು ಅವರು ಹೂಡಿದ್ದು ಎಲ್ಲಿ? ಆ ದಾಳಿಯೊಂದಿಗೆ ಸಂಬಂಧವೇ ಇಲ್ಲದ ಇರಾಕಿನ ಮೇಲೆ. 2003ರ ಮಾರ್ಚ್‌ನಲ್ಲಿ ಯುದ್ಧ ಆರಂಭವಾಯಿತು. ಮೇ 1ರಂದು ಯುದ್ಧನೌಕೆಯೊಂದರ ಮೇಲೆ ನಿಂತು ಅಧ್ಯಕ್ಷರು ಪ್ರಮುಖ ಕಾರ್ಯಾಚರಣೆ ಮುಗಿಯಿತೆಂದು ಸಾರಿದರು. ಸಾಮೂಹಿಕ ವಿನಾಶದ ಅಸ್ತ್ರಗಳ ದಾಸ್ತಾನು ಸಿಗಲಿಲ್ಲವೆಂದು ಅಮೆರಿಕವೇ ನೇಮಿಸಿದ ಶೋಧ ತಂಡವು 2004ರಲ್ಲಿ ವರದಿ ನೀಡಿತು. ಲಕ್ಷಕ್ಕೂ ಹೆಚ್ಚು ಇರಾಕಿ ನಾಗರಿಕರು ಮತ್ತು ಸುಮಾರು 4500 ಅಮೆರಿಕನ್ ಯೋಧರು ಸತ್ತರು. 2008ರಲ್ಲಿ ಬುಶ್ ಅವರ ಜನಪ್ರಿಯತೆಯು ಶೇಕಡಾ 25ರ ಮಟ್ಟಕ್ಕೆ ಕುಸಿದಿತ್ತು. ಏರಿದ ಜನಪ್ರಿಯತೆ ಇಳಿಯಿತು. ಸತ್ತವರು ಮಾತ್ರ ಮರಳಿ ಬರಲಿಲ್ಲ.

ಇಷ್ಟು ಕೇಳಿದಾಗ ನಮ್ಮಲ್ಲಿ ಅನೇಕರು ತಲೆಯಾಡಿಸಬಹುದು. ಸಾಮ್ರಾಜ್ಯಶಾಹಿಗಳ ಬುದ್ಧಿಯೇ ಹಾಗೆ ಎನ್ನಬಹುದು. ಆದರೆ ಅನ್ಯರ ತಪ್ಪನ್ನು ಎಣಿಸಿ ಮನೆಗೆ ಹೋಗುವುದು ಸುಲಭ. ನಾವು ಸ್ವತಃ ಚಪ್ಪಾಳೆ ತಟ್ಟಿದ ಪ್ರಸಂಗವನ್ನೂ ನೆನಪಿಸಿಕೊಳ್ಳುವ ಧೈರ್ಯ ನಮಗಿರಬೇಕು.

ಸದ್ದಾಮ್ ಹುಸೇನ್ 1979ರ ಜುಲೈಯಲ್ಲಿ ಇರಾಕಿನ ಅಧ್ಯಕ್ಷರಾದರು. 1980ರ ಸೆಪ್ಟೆಂಬರ್‌ನಲ್ಲಿ, ಇರಾನಿನೊಂದಿಗೆ ತಾವೇ 1975ರಲ್ಲಿ ಸಹಿ ಹಾಕಿದ್ದ ಅಲ್ಜೀರ್ಸ್ ಗಡಿ ಒಪ್ಪಂದವನ್ನು ರದ್ದುಪಡಿಸಿ ದಾಳಿ ಮಾಡಿದರು. ತಾವು ಇಡೀ ಅರಬ್ ಜಗತ್ತಿನ ರಕ್ಷಕನೆಂದು ಹೇಳಿಕೊಂಡರು. ಎಂಟು ವರ್ಷ ನಡೆದ ಆ ಯುದ್ಧದಲ್ಲಿ ಎರಡೂ ಕಡೆ ಲಕ್ಷಾಂತರ ಮುಸ್ಲಿಮರು ಸತ್ತರು. 1988ರಲ್ಲಿ ಕದನ ವಿರಾಮವಾದಾಗ ಇರಾಕಿನ ಖಜಾನೆ ಬರಿದಾಗಿತ್ತು, ಹೆಗಲ ಮೇಲೆ ಸಾಲದ ಬೆಟ್ಟವಿತ್ತು. 1990ರ ಆಗಸ್ಟ್ 2ರಂದು ಅವರ ಸೇನೆ ಕುವೈತನ್ನು ನುಂಗಿತು. ಅದಾಗಿ ಎರಡೇ ವಾರಗಳಲ್ಲಿ, ಹೊಸ ಯುದ್ಧಕ್ಕೆ ಸೈನ್ಯವನ್ನು ಬಿಡಿಸಿಕೊಳ್ಳುವ ಸಲುವಾಗಿ, ಸದ್ದಾಮರು ಇರಾನಿಗೆ ಪತ್ರ ಬರೆದು ಅದೇ 1975ರ ಒಪ್ಪಂದವನ್ನು ಮತ್ತೆ ಒಪ್ಪಿಕೊಂಡರು. ಹಾಗಾದರೆ ಆ ಎಂಟು ವರ್ಷಗಳಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಏನೆಂದು ಉತ್ತರಿಸುವುದು?

ಅವರು ಮಾಡಿದ ಇನ್ನೆರಡು ಕೆಲಸಗಳನ್ನು ಗಮನಿಸಿರಿ. ಕುವೈತ್ ಆಕ್ರಮಣದ ಹತ್ತು ದಿನಗಳ ನಂತರ, ಇಸ್ರೇಲ್ ತಾನು ಆಕ್ರಮಿಸಿದ ಪ್ರದೇಶಗಳನ್ನು ಬಿಟ್ಟುಕೊಡಬೇಕೆಂಬ ಬೇಡಿಕೆಯನ್ನು ಕುವೈತ್ ಪ್ರಶ್ನೆಯೊಂದಿಗೆ ಜೋಡಿಸಿದರು. 1991ರ ಜನವರಿಯಲ್ಲಿ, ಅಮೆರಿಕದ ದಾಳಿಗೆ ಕೆಲವೇ ದಿನಗಳ ಮೊದಲು, ರಾಷ್ಟ್ರಧ್ವಜದ ಮೇಲೆ ಅಲ್ಲಾಹು ಅಕ್ಬರ್ ಎಂದು ಬರೆಸಿದರು. ಧಾರ್ಮಿಕ ವಿದ್ವಾಂಸರನ್ನು ಗಲ್ಲಿಗೇರಿಸಿದ, ಕುರ್ದ್ ಮುಸ್ಲಿಮರ ಮೇಲೆ ಹಲಬ್ಜದಲ್ಲಿ ವಿಷಾನಿಲ ಪ್ರಯೋಗಿಸಿದ ಆಡಳಿತವೊಂದು ರಾತ್ರಿ ಬೆಳಗಾಗುವುದರೊಳಗೆ ಧರ್ಮರಕ್ಷಕನ ವೇಷ ಧರಿಸಿತು. ನಾವು ಏನು ಮಾಡಿದೆವು? ಜಗತ್ತಿನ ಅನೇಕ ಕಡೆಗಳಂತೆ ನಮ್ಮ ಊರುಗಳಲ್ಲಿಯೂ ಆತನ ಚಿತ್ರಗಳು ಗೋಡೆ ಏರಿದವು. ಆ ವರ್ಷ ಹುಟ್ಟಿದ ಮಕ್ಕಳಿಗೆ ಆತನ ಹೆಸರನ್ನಿಟ್ಟೆವು.

ಆ ಚಪ್ಪಾಳೆಯ ಬೆಲೆಯನ್ನು ತೆತ್ತವರು ಯಾರು? ಮೊದಲು ಕುವೈತಿನ ಜನರು, ನಂತರ ಇರಾಕಿನ ಬಡವರು. ಅಷ್ಟಕ್ಕೇ ಮುಗಿಯಲಿಲ್ಲ. ಯಾವ ಫೆಲೆಸ್ತೀನಿನ ಹೆಸರನ್ನು ಬಳಸಲಾಯಿತೋ, ಅದೇ ಫೆಲೆಸ್ತೀನಿಯರು ಸುಮಾರು ನಾಲ್ಕು ಲಕ್ಷದಷ್ಟು ಮಂದಿ ಕುವೈತಿನಲ್ಲಿ ವಾಸಿಸುತ್ತಿದ್ದರು. ಯುದ್ಧದ ನಂತರ ಅವರಲ್ಲಿ ಬಹುತೇಕರಿಗೆ ಅಲ್ಲಿ ನೆಲೆಯಿಲ್ಲವಾಯಿತು. ನಮ್ಮ ಮನೆಗಳೂ ಬೆಲೆ ತೆತ್ತವು. ಸುಮಾರು 1 ಲಕ್ಷ 70 ಸಾವಿರ ಭಾರತೀಯರು ಕುವೈತಿನಿಂದ ಬಸ್ಸುಗಳಲ್ಲಿ ಮರುಭೂಮಿ ದಾಟಿ, ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಸ್ವದೇಶಕ್ಕೆ ಮರಳಿದರು. ಅವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ವರ್ಷಗಟ್ಟಲೆ ಬೆವರು ಸುರಿಸಿ ಕೂಡಿಟ್ಟ ಹಣ, ತಂಗಿಯ ಮದುವೆಗೆಂದು ತೆಗೆದಿಟ್ಟ ಉಳಿತಾಯ, ಅರ್ಧಕ್ಕೆ ನಿಂತ ಮನೆ ಕಟ್ಟುವ ಕನಸು, ಎಲ್ಲವನ್ನೂ ಅಲ್ಲಿಯೇ ಬಿಟ್ಟು ಬರಿಗೈಯಲ್ಲಿ ಬಂದವರಿದ್ದರು. ಗೋಡೆಯ ಮೇಲೆ ಸದ್ದಾಮರ ಚಿತ್ರ, ಗೋಡೆಯ ಒಳಗೆ ಕೆಲಸ ಕಳೆದುಕೊಂಡ ಮಗ. ಇವೆರಡರ ನಡುವಿನ ಸಂಬಂಧವನ್ನು ನಾವು ಅಂದು ಯೋಚಿಸಲಿಲ್ಲ.

ಶಾಂತಿದೂತರೆನಿಸಿಕೊಂಡವರೂ ಈ ಆಮಿಷದಿಂದ ಪಾರಾದವರಲ್ಲ. ಇಸ್ರೇಲಿನ ಶಿಮೋನ್ ಪೆರೆಸ್ 1994ರ ನೋಬೆಲ್ ಶಾಂತಿ ಪ್ರಶಸ್ತಿಯನ್ನು ಹಂಚಿಕೊಂಡವರು. 1996ರಲ್ಲಿ ಅವರು ಪ್ರಧಾನಿ. ಮೇ 29ಕ್ಕೆ ಚುನಾವಣೆ. ಭದ್ರತೆಯ ವಿಷಯದಲ್ಲಿ ಅವರು ದುರ್ಬಲರೆಂಬ ಟೀಕೆಯಿತ್ತು. ಗಡಿಯಾಚೆಯಿಂದ ಹಿಝ್ಬುಲ್ಲಾದ ರಾಕೆಟ್‌ಗಳೂ ಬೀಳುತ್ತಿದ್ದವು. ಏಪ್ರಿಲ್ 11ರಂದು ಅವರು ಲೆಬನಾನಿನ ಮೇಲೆ ಭಾರೀ ದಾಳಿ ಆರಂಭಿಸಿದರು. 18ರಂದು ಕಾನಾ ಎಂಬಲ್ಲಿ ವಿಶ್ವಸಂಸ್ಥೆಯ ಶಿಬಿರದ ಮೇಲೆ ಶೆಲ್‌ಗಳು ಬಿದ್ದು, ಅಲ್ಲಿ ಆಶ್ರಯ ಪಡೆದಿದ್ದ ನೂರಕ್ಕೂ ಹೆಚ್ಚು ನಾಗರಿಕರು ಸತ್ತರು. ಇಸ್ರೇಲಿನ ಅರಬ್ ಮತದಾರರಲ್ಲಿ ಅನೇಕರು ಅವರಿಂದ ದೂರ ಸರಿದರು. ಶೇಕಡಾ ಒಂದಕ್ಕಿಂತಲೂ ಕಡಿಮೆ ಅಂತರದಿಂದ ಅವರು ಬೆಂಜಮಿನ್ ನೆತನ್ಯಾಹು ಅವರೆದುರು ಸೋತರು. ಚುನಾವಣೆಯೂ ಹೋಯಿತು, ಕಾನಾದ ಮಕ್ಕಳೂ ಹೋದರು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಹಾಗಾದರೆ ಎಲ್ಲ ಯುದ್ಧಗಳೂ ನಾಟಕವೇ? ದೇಶದ ಮೇಲೆ ದಾಳಿಯಾದಾಗಲೂ ಸುಮ್ಮನಿರಬೇಕೇ? ಖಂಡಿತ ಇಲ್ಲ. ತನ್ನ ಪ್ರಜೆಗಳನ್ನು ರಕ್ಷಿಸುವುದು ಯಾವುದೇ ಸರಕಾರದ ಕರ್ತವ್ಯ. ಹಾಗೆಯೇ, ನಾಯಕನ ಎದೆಯೊಳಗಿನ ಉದ್ದೇಶವನ್ನು ಇಣುಕಿ ನೋಡಲು ನಮ್ಮಿಂದ ಸಾಧ್ಯವೂ ಇಲ್ಲ. 1998ರ ಆಗಸ್ಟ್ 17ರಂದು ಅಮೆರಿಕದ ಅಧ್ಯಕ್ಷ ಕ್ಲಿಂಟನ್ ತಮ್ಮ ಖಾಸಗಿ ಹಗರಣದ ಬಗ್ಗೆ ಗ್ರ್ಯಾಂಡ್ ಜ್ಯೂರಿಯ ಮುಂದೆ ಹೇಳಿಕೆ ನೀಡಿದರು. ಮೂರು ದಿನಗಳ ನಂತರ ಅಮೆರಿಕದ ಕ್ಷಿಪಣಿಗಳು ಅಫ್ಘಾನಿಸ್ತಾನದ ಮೇಲೆ ಮತ್ತು ಸುಡಾನಿನ ಅಲ್ ಶಿಫಾ ಔಷಧ ಕಾರ್ಖಾನೆಯ ಮೇಲೆ ಬಿದ್ದವು. ಅದೇ ತಿಂಗಳ 7ರಂದು ನೈರೋಬಿ ಮತ್ತು ದಾರುಸ್ಸಲಾಮ್‌ನ ಅಮೆರಿಕನ್ ರಾಯಭಾರ ಕಚೇರಿಗಳ ಮೇಲೆ ನಡೆದ ದಾಳಿಯಲ್ಲಿ 200ಕ್ಕೂ ಹೆಚ್ಚು ಮಂದಿ ಸತ್ತದ್ದೂ ನಿಜ. ಕ್ಷಿಪಣಿ ಹಾರಿದ್ದು ದಾಳಿಗೆ ಉತ್ತರವಾಗಿಯೋ, ಹಗರಣವನ್ನು ಮರೆಸಲಿಕ್ಕೋ? ಈ ವಾದವು ಇಂದಿಗೂ ಮುಗಿದಿಲ್ಲ. ಆದರೆ ಆ ಕಾರ್ಖಾನೆಯಲ್ಲಿ ರಾಸಾಯನಿಕ ಅಸ್ತ್ರಕ್ಕೆ ಬೇಕಾದ ವಸ್ತು ತಯಾರಾಗುತ್ತಿತ್ತು ಎಂಬ ಆರೋಪವನ್ನು ಎಲ್ಲರೂ ಒಪ್ಪುವಂತಹ ಪುರಾವೆಯಿಂದ ಸಾಬೀತುಪಡಿಸಲು ಅಮೆರಿಕಕ್ಕೆ ಸಾಧ್ಯವಾಗಲಿಲ್ಲ. ಆದುದರಿಂದ ನಾವು ಉದ್ದೇಶದ ಬೆನ್ನು ಹತ್ತುವುದಕ್ಕಿಂತ ಪುರಾವೆಯನ್ನು ಕೇಳುವುದು ಮೇಲು.

ಯುದ್ಧದ ಕಹಳೆ ಕೇಳಿಸಿದಾಗ, ಅದು ಯಾವ ದೇಶದ್ದೇ ಆಗಲಿ, ಯಾವ ಧರ್ಮದ ನಾಯಕನದ್ದೇ ಆಗಲಿ, ಕೆಲವು ಪ್ರಶ್ನೆಗಳನ್ನು ನಾವು ಕೇಳಿಕೊಳ್ಳಬೇಕು. ಇದಕ್ಕೆ ಮೊದಲಿನ ವಾರ ಆ ದೇಶದ ಜನರು ಯಾವ ವಿಷಯವನ್ನು ಚರ್ಚಿಸುತ್ತಿದ್ದರು, ಈಗ ಆ ವಿಷಯ ಎಲ್ಲಿ ಹೋಯಿತು? ಯುದ್ಧಕ್ಕೆ ಕೊಡುವ ಕಾರಣಕ್ಕೆ ಸ್ವತಂತ್ರವಾಗಿ ಪರಿಶೀಲಿಸಬಹುದಾದ ಪುರಾವೆ ಇದೆಯೇ? ಯುದ್ಧದ ಗುರಿ ಏನು, ಅದು ಎಂದು ಮುಗಿಯುತ್ತದೆ ಎಂದು ನಾಯಕರು ಹೇಳಿದ್ದಾರೆಯೇ? ಮುಂಚೂಣಿಗೆ ಹೋಗುವವರು ಯಾರ ಮಕ್ಕಳು? ಕೊನೆಯದಾಗಿ, ಪ್ರಶ್ನೆ ಕೇಳುವವನನ್ನು ಆ ದೇಶದಲ್ಲಿ ಹೇಗೆ ನಡೆಸಿಕೊಳ್ಳಲಾಗುತ್ತಿದೆ? ನಿಜವಾದ ಕಾರಣವಿರುವ ಯುದ್ಧವು ಪ್ರಶ್ನೆಗಳಿಗೆ ಹೆದರುವುದಿಲ್ಲ.

ಈ ಪ್ರಶ್ನೆಗಳನ್ನು ಕೇಳುವ ಅಭ್ಯಾಸವು ಮನೆಯಿಂದಲೇ ಆರಂಭವಾಗಬೇಕು. ಇಂದು ಯುದ್ಧವು ನಮ್ಮ ಮಕ್ಕಳಿಗೆ ಮೊಬೈಲ್ ಪರದೆಯ ಮೇಲಿನ ಆಟದಂತೆ ಕಾಣುತ್ತಿದೆ. ಕ್ಷಿಪಣಿ ಬೀಳುವ ದೃಶ್ಯಕ್ಕೆ ಹಿನ್ನೆಲೆ ಸಂಗೀತವಿದೆ. ನಮಗೆ ಪ್ರಿಯನಾದ ನಾಯಕ ಅಬ್ಬರಿಸಿದರೆ ಅದನ್ನು ಹತ್ತು ಜನರಿಗೆ ಕಳುಹಿಸುತ್ತೇವೆ. ಅದು ನಿಜವೋ ಸುಳ್ಳೋ ಎಂದು ವಿಚಾರಿಸುವುದಿಲ್ಲ. ಶತ್ರುವಿನ ನಗರ ಉರಿದಾಗ ಹರ್ಷಿಸುವ ಮಗುವನ್ನು ಹತ್ತಿರ ಕೂರಿಸಿಕೊಂಡು, ಆ ಕಟ್ಟಡದೊಳಗೆ ನಿನ್ನಂತಹ ಒಂದು ಮಗು ಇರಬಹುದಲ್ಲವೇ ಎಂದು ಕೇಳುವ ತಂದೆ ತಾಯಿಗಳು ನಾವಾಗಬೇಕು. ನಮ್ಮವರೆಂದು ನಾವು ಭಾವಿಸುವ ನಾಯಕನು ಅನ್ಯಾಯವಾಗಿ ದಾಳಿ ಮಾಡಿದಾಗಲೂ ಅದನ್ನು ಅನ್ಯಾಯವೆಂದೇ ಕರೆಯುವ ಸ್ಥೈರ್ಯ ನಮಗಿರಬೇಕು. ಹಾಗಲ್ಲದಿದ್ದರೆ ಅನ್ಯರ ಯುದ್ಧಗಳನ್ನು ಖಂಡಿಸುವ ನೈತಿಕ ಹಕ್ಕು ನಮಗೆ ಉಳಿಯುವುದಿಲ್ಲ.

ಮಾತು ಆರಂಭಿಸಿದ ಚೌಕಕ್ಕೇ ಮರಳೋಣ. ಕಣ್ಮರೆಯಾದ ಮಕ್ಕಳನ್ನು ಅರಸುತ್ತಾ 1977ರಿಂದ ಪ್ರತಿ ಗುರುವಾರ ತಲೆಗೆ ಬಿಳಿಯ ಬಟ್ಟೆ ಕಟ್ಟಿಕೊಂಡು ಪ್ಲಾಜಾ ಡಿ ಮಾಯೋದಲ್ಲಿ ಮೌನವಾಗಿ ಸುತ್ತು ಬರುವ ತಾಯಂದಿರಿದ್ದರು. 1982ರಲ್ಲಿ ದೇಶವೆಲ್ಲಾ ಯುದ್ಧದ ಅಮಲಿನಲ್ಲಿದ್ದಾಗಲೂ ಅವರು ಸುತ್ತುವುದನ್ನು ನಿಲ್ಲಿಸಲಿಲ್ಲ. ಮಾಲ್ವಿನಾಸ್ ಅರ್ಜೆಂಟೀನಾದ್ದು, ಕಣ್ಮರೆಯಾದವರೂ ಅರ್ಜೆಂಟೀನಾದವರೇ ಎಂಬುದು ಅವರ ಘೋಷಣೆಯಾಗಿತ್ತು. ಅವರು ದೇಶವನ್ನು ನಿರಾಕರಿಸಲಿಲ್ಲ. ದೇಶದ ಹೆಸರಿನಲ್ಲಿ ತಮ್ಮ ಪ್ರಶ್ನೆಯನ್ನು ಮರೆಯಲೂ ಒಪ್ಪಲಿಲ್ಲ. ಚೌಕವನ್ನು ತುಂಬಿದ್ದ ಆ ಭಾರೀ ಜನಸ್ತೋಮ ಎರಡೂವರೆ ತಿಂಗಳಲ್ಲಿ ಕರಗಿತು. ಬೆರಳೆಣಿಕೆಯ ತಾಯಂದಿರ ಪ್ರಶ್ನೆ ಉಳಿಯಿತು. 1983ರ ಡಿಸೆಂಬರ್‌ನಲ್ಲಿ ಪ್ರಜಾಪ್ರಭುತ್ವ ಮರಳಿತು. 1985ರಲ್ಲಿ ಆ ಸೇನಾನಾಯಕರು ನ್ಯಾಯಾಲಯದ ಕಟಕಟೆ ಹತ್ತಿದರು.

ಆ ದ್ವೀಪಗಳ ಡಾರ್ವಿನ್ ಎಂಬಲ್ಲಿ ಅರ್ಜೆಂಟೀನಾದ ಯೋಧರ ಸ್ಮಶಾನವಿದೆ. ದೇವರಿಗೆ ಮಾತ್ರ ತಿಳಿದ ಯೋಧ ಎಂದಷ್ಟೇ ಬರೆದ ಗೋರಿಗಳು ಅಲ್ಲಿ ನೂರಕ್ಕೂ ಹೆಚ್ಚಿದ್ದವು. 2017ರಲ್ಲಿ ರೆಡ್ ಕ್ರಾಸ್ ತಜ್ಞರು ಡಿಎನ್‌ಎ ಪರೀಕ್ಷೆಯ ಕಾರ್ಯವನ್ನು ಆರಂಭಿಸಿದರು. ನಂತರದ ವರ್ಷಗಳಲ್ಲಿ ಅವುಗಳಲ್ಲಿ ಬಹುತೇಕ ಗೋರಿಗಳಿಗೆ ಹೆಸರು ದೊರೆಯಿತು. ಮೂವತ್ತೈದು ವರ್ಷಗಳ ನಂತರ ಮುಪ್ಪಿನ ತಾಯಂದಿರು ತಮ್ಮ ಮಗ ಮಲಗಿರುವ ಜಾಗ ಯಾವುದೆಂದು ತಿಳಿದುಕೊಂಡರು. ಮುಂದೆ ಎಂದಾದರೂ ಯಾರಾದರೂ ನಾಯಕರು ಯುದ್ಧದ ಹೆಸರಿನಲ್ಲಿ ನಮ್ಮಿಂದ ಚಪ್ಪಾಳೆಯನ್ನು ಬೇಡಿದಾಗ, ಆ ತಾಯಂದಿರನ್ನು ಒಮ್ಮೆ ನೆನೆಯೋಣ. ಕೈಯೆತ್ತುವ ಮೊದಲು ಪ್ರಶ್ನೆ ಕೇಳೋಣ.